ಅತ್ತೆಯ ಕತೆಗಳಲ್ಲಿ ಎಲ್ಲರೂ ಮನೆಗೆ ಮರಳುತ್ತಿದ್ದರು

ನಾಗಮಂಗಲದ ಕಡೆಯ ನಮ್ಮ ಹಳ್ಳಿಯಲ್ಲಿ ಏಳನೇ ತರಗತಿಯವರೆಗೆ ಮಾತ್ರ ಶಾಲೆ ಇತ್ತು. ಅದು ಮುಗಿದ ಬೇಸಿಗೆಯಲ್ಲಿ ಅಪ್ಪ ನನ್ನನ್ನು ಗಂಜಾಂನಲ್ಲಿದ್ದ ತನ್ನ ಅಕ್ಕ ಸರೋಜತ್ತೆಯ ಮನೆಗೆ ತಂದು ಬಿಟ್ಟ. ಅತ್ತೆ ಶ್ರೀರಂಗಪಟ್ಟಣದ ಪ್ರೈಮರಿ ಶಾಲೆಯೊಂದರಲ್ಲಿ ಟೀಚರಾಗಿದ್ದಳು. ಒಬ್ಬಳೇ ಇದ್ದಳು. ನಮ್ಮ ಮನೆಯಾದರೋ ಒಂದು ಪಂಕ್ತಿಗೆ ಹಿಡಿಯದಷ್ಟು ಜನರ ಮನೆ. ಗಂಡಸರದ್ದು ಮುಗಿದು, ಮಕ್ಕಳದ್ದು ಮುಗಿದು, ಹೆಂಗಸರು ಮುದ್ದೆ ಮುಂದಿಟ್ಟುಕೊಂಡು ಕೂರುವ ಹೊತ್ತಿಗೆ ಸಾರು ತಳ ಕಂಡಿರುತ್ತಿತ್ತು. ಅದರ ಮೇಲೊಂದು ಜಗಳ ಆಗಿರುತ್ತಿತ್ತು. ಆ ಗಲಾಟೆಯಲ್ಲಿ ಬೆಳೆದ ನನಗೆ ಅತ್ತೆಯ ಮನೆಯ ಮೊದಲ ಊಟ ಇನ್ನೂ ನೆನಪಿದೆ. ಎರಡು ತಟ್ಟೆ, ಎರಡು ಲೋಟ, ಉಪ್ಸಾರು, ಅನ್ನ. ನಾನು ಅಗಿಯುವ ಸದ್ದು ನನಗೇ ಕೇಳುತ್ತಿತ್ತು. ನಾಚಿಕೆಯಾಗಿ ನಿಧಾನವಾಗಿ ಅಗಿದೆ. ಅತ್ತೆ ತಲೆಯೆತ್ತದೆ ಊಟ ಮಾಡುತ್ತಿದ್ದಳು. ಅವಳಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡೆ. ಎಷ್ಟೋ ದಿನಗಳಾದ ಮೇಲೆ ತಿಳಿಯಿತು, ಅವಳು ಊಟಕ್ಕೆ ಕೂತಾಗ ಮನಸ್ಸಿನಲ್ಲಿ ಬೇರೆ ಯಾರದೋ ಮನೆಯಲ್ಲಿರುತ್ತಿದ್ದಳು.

ಮನೆ ಎಂದರೆ ಸಾಬಿರಾ ಬೀ ಅವರ ಮನೆಯ ಅರ್ಧ ಭಾಗ. ಅವರ ಗಂಡ ಮೈಸೂರು ಮಾರ್ಕೆಟ್ಟಿಗೆ ತರಕಾರಿ ಹೊಡೆಯುವ ಟೆಂಪೋ ಇಟ್ಟುಕೊಂಡಿದ್ದರು. ನಮಗೂ ಅವರಿಗೂ ನಡುವೆ ಒಂದೇ ಗೋಡೆ, ಹಿಂದುಗಡೆ ಒಂದೇ ಅಂಗಳ. ನಮ್ಮ ಪಾಲಿನಲ್ಲಿ ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ನಡುವೆ ಕಿಟಕಿಯಿಲ್ಲದ ಒಂದು ಸಣ್ಣ ಕೋಣೆ. ಬೇರೆ ಯಾರಾದರೂ ಆಗಿದ್ದರೆ ಆ ನಡುಕೋಣೆಯಲ್ಲಿ ಅಕ್ಕಿ ಮೂಟೆ ಇಡುತ್ತಿದ್ದರು. ಅತ್ತೆ ಅಲ್ಲಿ ಗೋಡೆಗೆ ಮುಖ ಮಾಡಿ ಮೇಜು ಹಾಕಿಕೊಂಡು, ಬೆಳಕು ಹರಿಯುವುದರಿಂದ ಹಿಡಿದು ಶಾಲೆಗೆ ಹೊರಡುವ ಹೊತ್ತಿನವರೆಗೆ ಬರೆಯುತ್ತಿದ್ದಳು. ಆ ಬಾಗಿಲು ಮುಚ್ಚಿದ್ದಾಗ ಮಾತಾಡಿಸಬಾರದು ಎನ್ನುವುದೊಂದೇ ಆ ಮನೆಯ ಕಟ್ಟಳೆ. ಕಾಫಿ ಬೇಕೆಂದರೆ ನಾನೇ ಮಾಡಿಕೊಳ್ಳಬೇಕು, ಜಡೆ ನಾನೇ ಹಾಕಿಕೊಳ್ಳಬೇಕು. ಮೊದಲ ವಾರ ಒಳಗಿನಿಂದ ಮಾತು ಕೇಳಿ ಯಾರೋ ನೆಂಟರು ಬಂದಿದ್ದಾರೆಂದು ತಿಳಿದು, ಲೋಟಗಳನ್ನು ತೊಳೆದಿಟ್ಟು ಕಾದಿದ್ದೆ. ಒಂದು ಮುದುಕಿಯ ಗದರಿಕೆ, ಒಬ್ಬ ಗಂಡಸಿನ ಗೊಣಗಾಟ, ಸೊಸೆಯೊಬ್ಬಳ ಅಳು. ಬಾಗಿಲು ತೆಗೆದಾಗ ಹೊರಗೆ ಬಂದವಳು ಅತ್ತೆ ಒಬ್ಬಳೇ, ಬೆರಳಿಗೆ ಇಂಕು ಮೆತ್ತಿಕೊಂಡು.

ಅತ್ತೆ ವಾರಪತ್ರಿಕೆಯೊಂದಕ್ಕೆ ಧಾರಾವಾಹಿ ಬರೆಯುತ್ತಿದ್ದಳು. ಪತ್ರಿಕೆ ಬಂದ ದಿನ ಸಂಜೆ ಅಂಗಳದಲ್ಲಿ ಕೂತು ಅದನ್ನು ಸಾಬಿರಾ ಬೀ ಅವರಿಗೆ ಓದಿ ಹೇಳುವುದು ನನ್ನ ಕೆಲಸವಾಯಿತು. ಅವರಿಗೆ ಕನ್ನಡ ಮಾತು ಚೆನ್ನಾಗಿ ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಾ ಕೇಳುವರು. ಕತೆ ಬಿಗಿಯಾದಾಗ ಕೈ ನಿಲ್ಲುತ್ತಿತ್ತು. ಆ ಕತೆಗಳಲ್ಲಿ ಯಾವಾಗಲೂ ಒಂದು ದೊಡ್ಡ ಮನೆ ಇರುತ್ತಿತ್ತು. ತೊಟ್ಟಿಲು ತೂಗುವವರು, ಒರಳಲ್ಲಿ ರುಬ್ಬುವವರು, ಬಾಗಿಲಲ್ಲಿ ಕೂತು ಎಲೆಯಡಿಕೆ ಹಾಕುವ ಅತ್ತೆ, ಮಾತಿಲ್ಲದ ಮಾವ. ಸೊಸೆ ನೊಂದು ಮನೆ ಬಿಟ್ಟು ಹೋಗುತ್ತಿದ್ದಳು. ಕೊನೆಯ ಕಂತಿನಲ್ಲಿ ತಪ್ಪದೆ ಮರಳಿ ಬರುತ್ತಿದ್ದಳು. ಸಾಬಿರಾ ಬೀ ಸೆರಗಿನಿಂದ ಕಣ್ಣೊರೆಸಿಕೊಂಡು, ಗೋಡೆಯ ಕಡೆ ತಿರುಗಿ ಕೂಗಿ ಹೇಳುವರು:

"ಟೀಚರಮ್ಮಾ, ಮನೇಲಿ ನೀವು ಒಬ್ರೇ ಕೂತ್ಕೊಂಡಿರ್ತೀರಿ, ಕತೇಲಿ ಮಾತ್ರ ಇಷ್ಟೊಂದ್ ಜನ! ಅವ್ರಿಗೆಲ್ಲಾ ಯಾರಮ್ಮಾ ರೊಟ್ಟಿ ಬಡಿಯೋರು?"

ಗೋಡೆಯಾಚೆಯಿಂದ ಅತ್ತೆಯ ನಗು ಕೇಳುತ್ತಿತ್ತು. ಅವಳು ಬಾಯಿಬಿಟ್ಟು ನಗುತ್ತಿದ್ದುದೇ ಸಾಬಿರಾ ಬೀ ಮಾತಿಗೆ.

ಅತ್ತೆಗೆ ಜನ ಬೇಡವಾಗಿದ್ದರು ಎಂದು ನಮ್ಮ ಊರಿನಲ್ಲಿ ಹೇಳುತ್ತಿದ್ದರು. ಅದು ನಿಜವಲ್ಲ. ಭಾನುವಾರ ತಲೆಗೆ ನೀರು ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ಪಾಂಡವಪುರದ ಮೇಲೆ ಕೆ.ಆರ್. ಪೇಟೆಗೆ ಹೋಗುವ ಬಸ್ಸು ಹತ್ತುತ್ತಿದ್ದಳು. ಅಲ್ಲಿ ಅವಳಿಗೆ ಏನೂ ಕೆಲಸವಿರುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿ ತಿಂದು, ಮುಂದಿನ ಬಸ್ಸಿಗೆ ವಾಪಸು ಬರುವುದು. ಸಂತೆಗೆ ಹೊರಟ ಹೆಂಗಸರ ನಡುವೆ ಇಕ್ಕಟ್ಟಾಗಿ ಕೂತು, ಯಾರದೋ ಕೋಳಿ ಬುಟ್ಟಿಯನ್ನು ಕಾಲ ಮೇಲಿಟ್ಟುಕೊಂಡು, ಯಾರದೋ ಮಗುವನ್ನು ಎತ್ತಿಕೊಂಡು ಮಾತು ಕೇಳುತ್ತಾ ಹೋಗುತ್ತಿದ್ದಳು. ಒಮ್ಮೆ ಒಬ್ಬ ಹೆಂಗಸು, "ನಿಮ್ಗೆ ಎಷ್ಟ್ ಮಕ್ಳವ್ವಾ?" ಎಂದು ಕೇಳಿದಾಗ ಅತ್ತೆ ನನ್ನತ್ತ ಕೈ ತೋರಿಸಿ, "ಇವ್ಳೊಬ್ಳು" ಎಂದಳು. ಆವತ್ತು ಮನೆ ತಲುಪುವವರೆಗೂ ನಾನು ಅವಳ ಸೆರಗು ಹಿಡಿದುಕೊಂಡಿದ್ದೆ. ಮನೆಗೆ ಬಂದ ಮೇಲೆ ಅವಳು ಎಂದಿನಂತೆ ನಡುಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ನನಗೆ ಅಳು ಬಂತು. ಆದರೆ ಆ ಮುಚ್ಚಿದ ಬಾಗಿಲ ಹೊರಗೆ ಕೂತು ಕೂತೇ ನಾನೂ ಮುಳುಗಿ ಓದಲು ಕಲಿತೆ, ಸುಮ್ಮನೆ ಇರಲು ಕಲಿತೆ. ಯಾರೂ ಮಾತಾಡಿಸದ ಹೊತ್ತಿನಲ್ಲಿ ತಲೆಯೊಳಗೆ ಜನ ಬಂದು ಕೂರುತ್ತಾರೆ ಎನ್ನುವುದು ನನಗೆ ತಿಳಿದದ್ದು ಆ ಹೊಸಿಲಿನ ಮೇಲೆಯೇ.

ಅತ್ತೆ ಗಂಡನ ಮನೆ ಬಿಟ್ಟ ಸಂಗತಿಯನ್ನು ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದರು. ಕೊಟ್ಟದ್ದು ಸಂತೆಬಾಚಹಳ್ಳಿಯ ಹತ್ತಿರದ ಒಂದು ಹಳ್ಳಿಗೆ. ಗಂಡ ಮರೀಗೌಡರಿಗೆ ಗದ್ದೆ, ಕಬ್ಬು, ಬೆಲ್ಲ ತೆಗೆಯುವ ಸ್ವಂತ ಆಲೆಮನೆ ಎಲ್ಲಾ ಇತ್ತು. ಹೊಡೆದವರಲ್ಲ, ಬೈದವರಲ್ಲ, ಕುಡಿದವರಲ್ಲ. ಅಜ್ಜಿ ಅದನ್ನೇ ಹಿಡಿದುಕೊಂಡು, "ಅಂಥಾ ಗಂಡನ್ನ ಬುಟ್ಟು ಬಂದವ್ಳೆ, ಇವ್ಳಿಗೇನ್ ಬಂದಿತ್ತು ರೋಗ" ಎಂದು ಸಾಯುವವರೆಗೂ ಗೊಣಗಿದಳು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಸೊಪ್ಪು ಸೋಸುತ್ತಾ ಕೂತಿದ್ದ ಒಂದು ಸಂಜೆ, ಅತ್ತೆ ತಾನಾಗಿಯೇ ಹೇಳಿದಳು. ಆ ಮನೆಯಲ್ಲಿ ಒಂದು ಬಾಗಿಲಿಗೂ ಚಿಲಕ ಇರಲಿಲ್ಲವಂತೆ. ಅಟ್ಟದ ಏಣಿಯ ಮೇಲೆ ಕೂತು, ಕದ್ದುಮುಚ್ಚಿ ವರ್ಷವಿಡೀ ಒಂದು ಕಾದಂಬರಿ ಬರೆದಳಂತೆ. ಒಂದು ಬೆಳಗ್ಗೆ ಅವಳ ಅತ್ತೆ ಆ ಹಾಳೆಗಳನ್ನೆಲ್ಲ ಬಚ್ಚಲ ಒಲೆಗೆ ತುರುಕಿ ನೀರು ಕಾಯಿಸಿದಳು. ಬೇಕೆಂದೇನಲ್ಲ, ಸೌದೆ ಹಸಿಯಿತ್ತು, ಕಾಗದ ಸಿಕ್ಕಿತು, ಅಷ್ಟೇ.

"ನಿಮ್ ಮಾವಂಗೆ ಹೇಳ್ಕೊಂಡು ಅತ್ಬುಟ್ಟೆ ಕಣಮ್ಮಿ. ಅವ್ರು ಪಾಪ ನನ್ ಪಕ್ಕ ಕೂತ್ಕೊಂಡು, 'ಹೋಗ್ಲಿ ಬುಡು ಸರೋಜಾ, ಇನ್ನೊಂದ್ಸಲ ಬರ್ಕೊಂಡ್ರಾಯ್ತು' ಅಂದ್ರು. ಸಮಾಧಾನಕ್ಕೇ ಅಂದಿದ್ದು. ಆದ್ರೆ ಆ ಮಾತು ಕೇಳಿದ್ ಮ್ಯಾಲೆ ನಂಗೆ ಅಲ್ಲಿ ಇರಕ್ಕಾಗ್ಲಿಲ್ಲ."

ಅಷ್ಟು ಹೇಳಿ ಸೊಪ್ಪಿನ ಕಡ್ಡಿಗಳನ್ನು ಬಾಚಿಕೊಂಡು ಎದ್ದಳು. ಆ ವರ್ಷ ಅವಳ ಧಾರಾವಾಹಿ ಹೆಚ್ಚು ಜನಪ್ರಿಯವಾಗಿತ್ತು. ಅದರ ಕೊನೆಯ ಕಂತಿನಲ್ಲಿ ಮನೆ ಬಿಟ್ಟುಹೋದ ಸೊಸೆ ಮಳೆ ನಿಂತ ಸಂಜೆ ಬಂದು, ಪಡಸಾಲೆಯ ಕಂಬಕ್ಕೆ ಒರಗಿ ನಿಲ್ಲುತ್ತಾಳೆ. ಗಂಡ ಏನೂ ಕೇಳದೆ ಒಳಗೆ ಹೋಗಿ ಇನ್ನೊಂದು ತಟ್ಟೆ ತಂದಿಡುತ್ತಾನೆ.

ಆ ಕಂತು ಬಂದು ಸ್ವಲ್ಪ ದಿನಕ್ಕೆ, ಭಾನುವಾರ ಬೆಳಗ್ಗೆ, ಅತ್ತೆ ತಲೆಗೆ ಹರಳೆಣ್ಣೆ ಹಚ್ಚಿಕೊಂಡು ಅಂಗಳದಲ್ಲಿ ಬಿಸಿಲು ಕಾಯಿಸುತ್ತಿದ್ದಳು. ಮುಂದುಗಡೆ ಒಂದು ಟೆಂಪೋ ಬಂದು ನಿಂತಿತು. ಸಾಬಿರಾ ಬೀ ಅವರದ್ದೇ ಇರಬೇಕೆಂದು ಬಾಗಿಲು ತೆಗೆದೆ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಕಿವಿಯ ಬಳಿ ನರೆತ ಎತ್ತರದ ಮನುಷ್ಯರು ನಿಂತಿದ್ದರು. ಕೈಯಲ್ಲಿ ಅಚ್ಚುಬೆಲ್ಲದ ಚೀಲ. ಪಕ್ಕದಲ್ಲೊಬ್ಬ ಹೆಂಗಸು, ಅವಳ ಕೈಯ ತಟ್ಟೆಯಲ್ಲಿ ಸೀರೆ, ಬಳೆ, ಮಲ್ಲಿಗೆ ದಂಡೆ.

"ಅತ್ಗೆಮ್ಮಾ, ಒಳಗಿದ್ದೀರಾ? ನಾವು ಕಣ್ರವ್ವಾ" ಎಂದು ಅವಳು ಕೂಗಿದಳು.

ಹಿಂದಿನಿಂದ ಬಂದ ಅತ್ತೆ, ಎಣ್ಣೆ ತಲೆಯಲ್ಲೇ ನಿಂತುಬಿಟ್ಟಳು. ಅವಳ ಮುಖದಿಂದಲೇ ನನಗೆ ಗೊತ್ತಾಯಿತು, ಇವರು ಮರೀಗೌಡ ಮಾವ. ಜೊತೆಯಲ್ಲಿದ್ದವಳು ಅವರ ತಂಗಿ ಗಿರಿಜಮ್ಮ. ಅತ್ತೆ, "ಬನ್ನಿ, ಕೂತ್ಕಳಿ" ಎಂದವಳೇ ಬಚ್ಚಲಿಗೆ ಹೋದಳು. ತಲೆ ತೊಳೆದು ಬಂದು, ಒದ್ದೆ ಕೂದಲನ್ನು ಟವೆಲಿನಲ್ಲಿ ಕಟ್ಟಿ ಒಲೆ ಹಚ್ಚಿದಳು. ಅವಳು ಅವರೆಕಾಳು ಸಾರು, ಮುದ್ದೆ, ಅನ್ನ ಮಾಡುವವರೆಗೂ ಮಾವ ಮುಂದಿನ ಕೋಣೆಯಲ್ಲಿ ಚಾಪೆಯ ಅಂಚಿನಲ್ಲಿ ಕೂತಿದ್ದರು. ನನಗೆ ಬೆಲ್ಲದ ಅಚ್ಚೊಂದು ತೆಗೆದುಕೊಟ್ಟು, ಯಾವ ಕ್ಲಾಸು, ಯಾವ ಪಾಠ ಇಷ್ಟ ಎಂದೆಲ್ಲ ಕೇಳಿದರು. ಊಟಕ್ಕೆ ಕೂತಾಗ ಅತ್ತೆ ಬಡಿಸಿದಳು. ಅವರು ಸಾಕು ಎಂದು ಕೈ ಅಡ್ಡ ಹಿಡಿಯುವ ಮುಂಚೆಯೇ, ಅವರ ಅಳತೆ ಮರೆಯದವಳಂತೆ, ಅವಳ ಸೌಟು ನಿಂತಿತು. ನಾನು ಅದನ್ನು ನೋಡಿದೆ, ಗಿರಿಜಮ್ಮನೂ ನೋಡಿದಳು. ಕೈ ತೊಳೆದು ಬಂದವಳೇ ಅವಳು ಧೈರ್ಯ ಮಾಡಿದಳು:

"ಕತೆ ಓದ್ದೋ ಅತ್ಗೆಮ್ಮಾ. ವಾರವಾರಾನೂ ಅಣ್ಣಯ್ಯಂಗೆ ನಾನೇ ಓದಿ ಹೇಳ್ದೆ. ಅವ್ಳು ಬಂದು ಕಂಬ ಇಡ್ಕಂಡು ನಿಂತ್ಕಂಡ್ಳು ಅಂದೆ ನೋಡಿ, ಅಣ್ಣಯ್ಯ ಎದ್ದು ಆಚಿಕ್ ಹೊಂಟೋಯ್ತು. ವಾಪಸ್ ಬಂದು, 'ಟೆಂಪೋ ಹೇಳು ಗಿರಿಜಾ, ಹೋಗಿ ಕರ್ಕಂಡು ಬರಾನ' ಅಂತು."

"ಅದು ಕತೆ ಗಿರಿಜಾ" ಎಂದಳು ಅತ್ತೆ.

ಮಾವ ಆಗ ಬಾಯಿ ತೆರೆದರು. "ಕತೆ ಅಂತ ನಂಗೂ ಗೊತ್ತು. ಆದ್ರೆ ಮೂಟೆ ತಾಗಿ ತಾಗಿ ಸವೆದಿರೋ ಕಂಬ ನಮ್ಮನೇದಲ್ವಾ ಸರೋಜಾ? ದನ ಕಟ್ಟೋ ಕಡೆ ಸೋರೋ ಹೆಂಚು ನಮ್ದಲ್ವಾ? ನೀನು ಬರ್ದಿದ್ದ ಎಲ್ಲಾ ಕತೇಲೂ ನಮ್ಮನೇನೇ ಇತ್ತು."

ಅವರು ಅವಳ ಕಡೆ ನೋಡದೆ, ನೆಲ ನೋಡುತ್ತಾ ಹೇಳುತ್ತಾ ಹೋದರು. ಅವ್ವ ತೀರಿಕೊಂಡು ಬಹಳ ಕಾಲವಾಗಿತ್ತು. ತಮ್ಮಂದಿರು ಭಾಗ ತೆಗೆದುಕೊಂಡು ಬೇರೆ ಮನೆ ಕಟ್ಟಿಕೊಂಡಿದ್ದರು. ಗಿರಿಜಮ್ಮ ಇರುವುದು ಪಕ್ಕದ ಬೀದಿಯ ಗಂಡನ ಮನೆಯಲ್ಲಿ. "ಈಗ ಆ ಮನೇಲಿ ನಾನೊಬ್ನೇ. ಪಡಸಾಲೆ ಪಕ್ಕದ ಕ್ವಾಣೆಗೆ ಸುಣ್ಣಬಣ್ಣ ಮಾಡ್ಸಿವ್ನಿ. ಪ್ಯಾಟೇಲಿ ಮೇಜು ಮಾಡ್ಸಿವ್ನಿ. ಬಾಗ್ಲಿಗೆ ಚಿಲ್ಕ ಹಾಕ್ಸಿವ್ನಿ, ಒಳಗಡೆಯಿಂದ. ನೀನು ಎಷ್ಟ್ ಬೇಕಾದ್ರೂ ಬರ್ಕೋ. ನಾನು ಆ ಕಡೆ ತಲೆ ಹಾಕಕ್ಕಿಲ್ಲ."

ಇದಕ್ಕಿಂತ ಇನ್ನೇನು ಬೇಕು ಎಂದು ನನಗೆ ಅನಿಸಿತು. ಹೋಗುತ್ತಾಳೆ, ನನ್ನನ್ನೂ ಕರೆದುಕೊಂಡು ಹೋಗುತ್ತಾಳೆ ಎಂದುಕೊಂಡೆ. ಅತ್ತೆ ಮೆತ್ತಗೆ ಹೇಳಿದಳು:

"ನೀವು ತಲೆ ಹಾಕಲ್ಲ, ಗೊತ್ತು. ನಾನು ಒಳಗೆ ಬರೀತಾ ಇರ್ತೀನಿ, ನೀವು ಕೆಮ್ಮು ಬಂದ್ರೂ ತಡ್ಕೊಂಡು ಜಗಲಿ ಮ್ಯಾಲೆ ಕೂತಿರ್ತೀರಿ. ನೀವು ತಡ್ಕೊಳ್ಳೋದು ನಂಗೆ ಒಳಗೆ ಕೇಳಿಸ್ತದೆ. ನೀವು ಕೆಟ್ಟೋರಾಗಿದ್ರೆ ಕಿವಿ ಮುಚ್ಕೊಂಡು ಬರೀಬೋದಿತ್ತು."

"ಅಂಗಾದ್ರೆ ಆ ಬರೆಯೋದ್ನೇ ಬುಟ್ಬುಡಿ ಅತ್ಗೆಮ್ಮಾ" ಎಂದಳು ಗಿರಿಜಮ್ಮ. ಅವಳ ದನಿಯಲ್ಲಿ ಅಳುವಿತ್ತು.

"ಸುಮ್ಕಿರು ಗಿರಿಜಾ" ಎಂದರು ಮಾವ. "ಅದ ಬುಟ್ಟು ಬಂದ್ರೆ ಸರೋಜ ಬಂದಂಗಾಯ್ತದಾ?"

ಅವರು ಎದ್ದು ಟವೆಲು ಹೆಗಲಿಗೆ ಹಾಕಿಕೊಂಡರು. ಗಿರಿಜಮ್ಮ ತಟ್ಟೆಯಿಂದ ಮಲ್ಲಿಗೆ ದಂಡೆಯೊಂದನ್ನು ತೆಗೆದು ನನ್ನ ಕೈಗೆ ಕೊಟ್ಟು, ಸೀರೆ ಬಳೆಗಳ ಮೇಲೆ ಬಟ್ಟೆ ಮುಚ್ಚಿದಳು. "ಚೆನ್ನಾಗಿ ಓದ್ಕೋ ಮಗ" ಎಂದು ಮಾವ ನನ್ನ ತಲೆ ಸವರಿದರು. ಟೆಂಪೋ ನಿಮಿಷಾಂಬ ಗುಡಿಯ ರಸ್ತೆಯ ತಿರುವು ದಾಟುವವರೆಗೂ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಅಂಗಳದ ಆ ಬದಿಯಲ್ಲಿ ಸಾಬಿರಾ ಬೀ ಒಗೆದ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ನಮ್ಮ ಮನೆಯನ್ನೇ ನೋಡುತ್ತಿದ್ದರು.

ಆ ಸಂಜೆ ನಾನು ಅತ್ತೆಯ ಮೇಲೆ ಹರಿಹಾಯ್ದೆ. ಆ ಮನೆಯಲ್ಲಿ ನಾನು ದನಿಯೆತ್ತಿದ್ದು ಅದೊಂದೇ ಸಲ.

"ಕತೇಲಿ ಎಲ್ರನ್ನೂ ಮನೆಗೆ ವಾಪಸ್ ಕಳಿಸ್ತೀಯ. ನೀನು ಮಾತ್ರ ಹೋಗಲ್ಲ. ಹಂಗಾದ್ರೆ ನೀನು ಬರ್ಯೋದೆಲ್ಲಾ ಸುಳ್ಳು ತಾನೇ?"

ಬೈಯುತ್ತಾಳೆಂದುಕೊಂಡಿದ್ದೆ. ಅವಳು ಯೋಚಿಸಿ ಉತ್ತರ ಕೊಟ್ಟಳು, ದೊಡ್ಡವರಿಗೆ ಕೊಡುವ ಹಾಗೆ.

"ಸುಳ್ಳಲ್ಲ ಕಣಮ್ಮಿ. ದಿನಾ ಬೆಳಗ್ಗೆ ಆ ಕ್ವಾಣೇಲಿ ಕೂತು ಅವ್ರ ಮನೆಗೆ ಹೋಗಿ ಬತ್ತೀನಿ. ಆ ಕಂಬ ಮುಟ್ತೀನಿ, ಆ ಅತ್ತೆ ಕೈಲಿ ಬೈಸ್ಕೊತೀನಿ, ಅವ್ರಿಗೆ ಬಡಿಸ್ತೀನಿ. ಇಲ್ಲಿ ಒಬ್ಳೇ ಇರೋದ್ರಿಂದ್ಲೇ ಅಲ್ಲಿಗೆ ಹೋಗಕ್ಕಾಯ್ತದೆ. ಅಲ್ಲೇ ಹೋಗಿ ಇದ್ಬುಟ್ರೆ, ಬರ್ಯೋಕೆ ಎಲ್ಲಿಗೆ ಹೋಗ್ಲಿ ಹೇಳು?" ಆಮೇಲೆ ಸೇರಿಸಿದಳು: "ಕೊನೆ ಮಾತ್ರ ಸುಳ್ಳು ಬರ್ದೆ. ಓದೋರಿಗೆ ಹಿತವಾಗ್ಲಿ ಅಂತ ಬರ್ದೆ. ಅದ ನಂಬ್ಕೊಂಡು ಒಬ್ರು ಇಲ್ಲಿಗಂಟ ಬಂದ್ರಲ್ಲ."

ಆಮೇಲೆ ತುಂಬಾ ದಿನ ನಡುಕೋಣೆಯ ಬಾಗಿಲು ತೆರೆದೇ ಇತ್ತು. ಅತ್ತೆ ಬೆಳಗ್ಗೆ ಎದ್ದು ಅಂಗಳ ಗುಡಿಸುವಳು, ನನಗೆ ಜಡೆ ಹಾಕುವಳು, ಶಾಲೆಗೆ ಹೋಗುವಳು. ಜಡೆ ಹಾಕಿಸಿಕೊಳ್ಳಬೇಕೆಂದು ಎಷ್ಟೋ ಆಸೆಪಟ್ಟಿದ್ದ ನನಗೆ ಆಗ ಅದು ಬೇಡವಾಗಿತ್ತು. ಬಾಗಿಲು ಮುಚ್ಚಿಕೊಳ್ಳಲಿ ಎಂದು ಕಾಯುತ್ತಿದ್ದೆ. ಒಂದು ಬೆಳಗ್ಗೆ ಎದ್ದಾಗ ಅದು ಮುಚ್ಚಿತ್ತು. ಒಳಗೆ ದನಿಗಳಿರಲಿಲ್ಲ. ಪೆನ್ನಿನ ಸದ್ದೂ ಬಿಟ್ಟು ಬಿಟ್ಟು ಬರುತ್ತಿತ್ತು. ಅವಳು ಅಷ್ಟು ನಿಧಾನವಾಗಿ ಬರೆದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಬರೆದು ಮುಗಿಸಿದ ಮೇಲೆ, ಅಚ್ಚಾಗುವ ಮೊದಲೇ, ಅಂಗಳದಲ್ಲಿ ಕೂತು ತಾನೇ ನನಗೂ ಸಾಬಿರಾ ಬೀಗೂ ಓದಿದಳು. ಹೆಂಡತಿಯನ್ನು ಕರೆತರಲು ಹೋದ ಗಂಡಸೊಬ್ಬ ಟೆಂಪೋದಲ್ಲಿ ತಂಗಿಯ ಜೊತೆ ವಾಪಸು ಹೋಗುತ್ತಾನೆ. ದಾರಿಯಲ್ಲಿ ಪರಿಚಯದವರು ಕೈ ಎತ್ತಿದರೆ ತಾನೂ ಎತ್ತುತ್ತಾನೆ. ಮನೆಗೆ ಬಂದು, ಹೊಸ ಬಣ್ಣದ ವಾಸನೆ ಹೋಗಲೆಂದು ಆ ಕೋಣೆಯ ಬಾಗಿಲು ತೆಗೆದಿಡುತ್ತಾನೆ. ಮೇಜಿನ ಮೇಲೆ ಏನಿಡಬೇಕೆಂದು ತಿಳಿಯದೆ, ನೀರಿನ ಚೊಂಬು ತಂದಿಡುತ್ತಾನೆ. ಕತೆಯಲ್ಲಿ ಇದ್ದದ್ದು ಇಷ್ಟೇ. ತುಂಬಿದ ಮನೆ ಇರಲಿಲ್ಲ, ಜಗಳ ಇರಲಿಲ್ಲ. ಅವನ ಮೇಲುತುಟಿಯ ಮಚ್ಚೆ, ಉಣ್ಣುವಾಗ ಅವನು ಎಡಗೈಯನ್ನು ಮೊಣಕಾಲ ಮೇಲಿಡುವ ರೀತಿ, ಬೇಸರವಾದಾಗ ಟವೆಲಿನ ಅಂಚು ಮಡಚುವುದು, ಇಂಥವೆಲ್ಲ ಇದ್ದವು. ಇಷ್ಟು ವರ್ಷ ಮನೆಗಟ್ಟಲೆ ಜನರನ್ನು ಬರೆದವಳು, ಒಬ್ಬಂಟಿ ಮನುಷ್ಯನೊಬ್ಬನನ್ನು ಬರೆದದ್ದು ಅದೇ ಮೊದಲು.

"ಇದನ್ನ ಕಳಿಸ್ಲಾ ಬೇಡ್ವಾ, ನೀವೇ ಹೇಳಿ" ಎಂದಳು. "ಅವ್ರಿಗೆ ನೋವಾಗ್ಬಾರ್ದು."

ಸಾಬಿರಾ ಬೀ ಆರಿಸುತ್ತಿದ್ದ ಅಕ್ಕಿಯನ್ನು ಮರೆತೇಬಿಟ್ಟಿದ್ದರು. "ನೋವು ಆಗ್ತದೆ ಟೀಚರಮ್ಮಾ. ಆದ್ರೆ ಇಷ್ಟು ಇಜ್ಜತ್ ಕೊಟ್ಟು ಯಾರು ಬರೀತಾರೆ? ಕಳಿಸಿ."

ಪತ್ರಿಕೆಯವರು ಹೆಂಡತಿ ಮರಳಿ ಬರುವ ಹಾಗೆ ಕೊನೆ ತಿದ್ದಿ, ಬೆಳೆಸಿ, ಧಾರಾವಾಹಿ ಮಾಡಿಕೊಡಿ ಎಂದರು. ಅತ್ತೆ ಒಪ್ಪಲಿಲ್ಲ. ಕಡೆಗೆ ಅದು ಒಂದು ಸಂಚಿಕೆಯ ಒಳಪುಟಗಳಲ್ಲಿ, ಚಿತ್ರವೂ ಇಲ್ಲದೆ, ಸಣ್ಣಕತೆಯಾಗಿ ಬಂತು. ಅದಾದ ಮೇಲೆ ಅವರು ಅವಳಿಂದ ಧಾರಾವಾಹಿ ಕೇಳುವುದನ್ನು ಕಡಿಮೆ ಮಾಡಿದರು. ಅವಳು ಬರೆಯುವುದನ್ನು ಕಡಿಮೆ ಮಾಡಲಿಲ್ಲ. ಇವತ್ತು ಅತ್ತೆಯ ಹೆಸರು ಬಲ್ಲವರು ನೆನೆಯುವುದು ಆ ಕತೆಯನ್ನು, ಅದರ ಬೆನ್ನಿಗೆ ಬಂದ ಎರಡು ತೆಳ್ಳನೆಯ ಕಾದಂಬರಿಗಳನ್ನು. ನಾನೂ ಈಗ ಒಬ್ಬಳೇ ಇದ್ದು ಬರೆಯುವವಳು. ನನ್ನ ಕಾದಂಬರಿಗಳಲ್ಲಿ ಜನ ಕಡಿಮೆ ಎಂದು ಓದುಗರು ಆಕ್ಷೇಪಿಸುವಾಗ ನನಗೆ ಆ ಅಂಗಳ ಕಣ್ಣಿಗೆ ಕಟ್ಟುತ್ತದೆ. ಒಬ್ಬರನ್ನು ಸರಿಯಾಗಿ ನೋಡುವುದಕ್ಕೆ ಎಷ್ಟು ವರ್ಷ, ಎಷ್ಟು ದೂರ ಬೇಕಾಯಿತು ಎನ್ನುವುದನ್ನು ನಾನು ಅಲ್ಲಿ ಕೂತು ಕಂಡವಳು.

ಹತ್ತನೇ ತರಗತಿಯ ಪರೀಕ್ಷೆ ಮುಗಿದಾಗ ಅಪ್ಪ ನನ್ನನ್ನು ಕರೆದುಕೊಂಡು ಹೋಗಲು ಬಂದ. ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಅಪ್ಪ ಮುದ್ದೆ ಮುರಿಯುತ್ತಾ, ಹೇಳಲೋ ಬೇಡವೋ ಎನ್ನುವಂತೆ ತೆಗೆದ:

"ಅಕ್ಕಾ, ಹೋದ್ ತಿಂಗ್ಳು ಸಂತೆಬಾಚಳ್ಳೀಲಿ ಬಾವ ಸಿಕ್ಕಿದ್ರು. ನಿನ್ ಕತೆ ಗಿರಿಜ ಓದಿ ಹೇಳಿದ್ಲಂತೆ."

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಬೇಜಾರ್ ಮಾಡ್ಕಂಡ್ರಾ?"

"ಇಲ್ಲ. ಎಲ್ಡ್ ಸಲ ಓದ್ಸಿದ್ರಂತೆ. ನನ್ ಹತ್ರ ಏನಂದ್ರು ಗೊತ್ತಾ? 'ಜೊತೇಲಿದ್ದಾಗ ಒಂದಿನಾನೂ ನನ್ ಮಕ ನೋಡ್ಲಿಲ್ಲ ಅನ್ಕಂಡಿದ್ದೆ ಕಣ್ಲಾ. ನೋಡವ್ಳೆ' ಅಂದ್ರು."

ಅತ್ತೆ ಎದ್ದು ಹಿಂದಿನ ಅಂಗಳಕ್ಕೆ ಹೋದಳು. ತೊಟ್ಟಿಯ ಬಳಿ ಕೈ ತೊಳೆಯುವ ಸದ್ದು ಕೇಳಿಸಿತು. ಅದು ನಿಂತ ಮೇಲೂ ಅವಳು ಬರಲಿಲ್ಲ. ಅಪ್ಪ ನನ್ನನ್ನು ನೋಡಿದ, ನಾನು ಅಪ್ಪನನ್ನು ನೋಡಿದೆ. ಕಡೆಗೆ ಅವಳು ಮಜ್ಜಿಗೆ ಪಾತ್ರೆ ಹಿಡಿದು ಒಳಗೆ ಬಂದು, ಅಪ್ಪನ ತಟ್ಟೆಗೆ ಬಗ್ಗಿ ಸುರಿಯುತ್ತಾ ಕೇಳಿದಳು:

"ಅವ್ರಿಗೆ ಈಗ ಊಟಕ್ಕೆ ಬಡಿಸೋರು ಯಾರು?"

"ಯಾರವ್ರೆ? ಅವ್ರೇ ಮಾಡ್ಕಂತಾರೆ, ಅವ್ರೇ ಬಡಿಸ್ಕಂತಾರೆ."

"ನನ್ನಂಗೇ ಅನ್ನು" ಎಂದಳು ಅತ್ತೆ. ತನ್ನ ತಟ್ಟೆಗೂ ಮಜ್ಜಿಗೆ ಹಾಕಿಕೊಂಡು, ಬಿಟ್ಟಿದ್ದ ಅನ್ನವನ್ನು ಕಲಸಿ ಪೂರ್ತಿ ಉಂಡಳು.